ಹಾಳೆಯ ಇನ್ನೊಂದು ಮಗ್ಗುಲು

ಬೀದಿಯವರ ಒಂದು ಪ್ರಶ್ನೆಗೆ ಹನ್ನೊಂದು ನಿಮಿಷ. ಕಾದಂಬರಿಕಾರ ಗಡಿಯಾರ ಹಿಡಿದೇ ಲೆಕ್ಕ ಹಾಕಿದ್ದ. ಮೂರನೇ ಮಹಡಿಯಿಂದ ಇಳಿದು ಹಾಲು ತರುವಷ್ಟರಲ್ಲಿ ಮೂರು ಪ್ರಶ್ನೆ, ಅಂದರೆ ಮೂವತ್ತಮೂರು ನಿಮಿಷ. ಕ್ಷೌರಕ್ಕೆ ಹೋದರೆ ಐದು. ಕತ್ತಿ ಕುತ್ತಿಗೆಯ ಮೇಲಿರುವಾಗ ಉತ್ತರ ಕೊಡದೆ ಇರುವಂತಿಲ್ಲ. ವಾರಕ್ಕೆ ಏನಿಲ್ಲವೆಂದರೂ ಏಳು ಗಂಟೆ. ಅಷ್ಟು ಹೊತ್ತಿನಲ್ಲಿ ಅವನು ಒಂದು ಯುದ್ಧ ಮುಗಿಸಿ, ಸತ್ತವರನ್ನು ಎಣಿಸಿ, ಗೆದ್ದವರಿಗೆ ಪಟ್ಟ ಕಟ್ಟಬಹುದಿತ್ತು.

ಹತ್ತೊಂಬತ್ತು ವರ್ಷಗಳಿಂದ ಅವನು ಬರೆಯುತ್ತಿದ್ದದ್ದು ಒಂದೇ ಕತೆ. ಮೂರು ಚಂದ್ರರಿರುವ ಒಂದು ಗ್ರಹ, ಅದನ್ನಾಳುವ ಒಬ್ಬ ರಾಣಿ, ಹಾರುವ ಹಡಗುಗಳು, ಮಾತಾಡುವ ಬಂಡೆಗಳು. ಐದು ಭಾಗ ಬಂದಿದ್ದವು. ಅವನ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಮೂರು ಚಂದ್ರದವರು’. ಆರನೆಯದೇ ಕೊನೆಯ ಭಾಗ. ಅದರ ಕೊನೆಯ ಅಧ್ಯಾಯ, ಹನ್ನೆರಡು ಹಾಳೆ, ಹಿಂದಿನ ದಿನವಷ್ಟೇ ಮುಗಿದಿತ್ತು. ಕೈಯಲ್ಲೇ ಬರೆಯುವವನು, ಬೇರೆ ಪ್ರತಿ ಇರಲಿಲ್ಲ. ಇವತ್ತು ಸಂಜೆ ಐದಕ್ಕೆ ಅದನ್ನು ಪ್ರಕಾಶಕರ ಕೈಗಿಟ್ಟರೆ ಮೂರು ಚಂದ್ರರೂ ಮುಳುಗಿದ ಹಾಗೆ. ತಡವಾದರೆ ಮುದ್ರಣಾಲಯದವರು ಬೇರೆಯವರ ಪುಸ್ತಕ ಹಿಡಿಯುತ್ತಾರೆ, ಇವನದು ಮತ್ತೊಂದು ವರ್ಷ ಮುಂದಕ್ಕೆ. ಅದೊಂದು ಮುಗಿದರೆ ಅವನಿಗೆ ಒಂದು ಸಣ್ಣ ಪುಸ್ತಕ ಬರೆಯುವ ಆಸೆ ಇತ್ತು. ಸೈಕಲ್ ರಿಪೇರಿ ಮಾಡುವ ಒಬ್ಬ ಮುದುಕನ ಕತೆ. ಎಂಬತ್ತು ಪುಟ. ಚಂದ್ರ ಒಂದೇ, ಅದೂ ಮೋಡದ ಹಿಂದೆ.

ಇಷ್ಟು ವರ್ಷ ಅವನನ್ನು ಕಾಪಾಡಿದ್ದು ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅವನ ಒಂದು ಪುಸ್ತಕವನ್ನೂ ಅವಳು ಓದಿರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವನು ಬರೆದು ಬೇಡವೆಂದು ಬಿಟ್ಟ ಹಾಳೆಗಳು ಅವಳಿಗೆ ಕಾಲರು, ತೋಳುಗಳ ಮಾದರಿ ಕತ್ತರಿಸಲು ಬರುತ್ತಿದ್ದವು, ಅಷ್ಟೇ. ಮೇಜಿನ ಮೂಲೆಯಲ್ಲಿ ಆ ರದ್ದಿಯ ಕಟ್ಟು. ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೊಂದು ಹಳೆಯ ಇಸ್ತ್ರಿ ಪೆಟ್ಟಿಗೆ.

ಆ ಬೆಳಿಗ್ಗೆ ಹಾಲು ತಂದು ಮೂವತ್ತಮೂರು ನಿಮಿಷ ಕಳೆದುಕೊಂಡವನಿಗೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಕೇಳುವುದು ಅವೇ ಎಂಟು ಪ್ರಶ್ನೆ. ಉತ್ತರ ಅಚ್ಚು ಹಾಕಿಸಿ ಕೈಗೆ ಕೊಟ್ಟುಬಿಟ್ಟರೆ? ಕೂತು ಬರೆದೇಬಿಟ್ಟ.

‘ಇಂಥ ಕಲ್ಪನೆಯೆಲ್ಲ ಎಲ್ಲಿಂದ ಬರುತ್ತೆ?’ – ಗೊತ್ತಿಲ್ಲ. ಗೊತ್ತಿದ್ದರೆ ಅಲ್ಲೇ ಬಾಡಿಗೆಗೆ ಮನೆ ಹಿಡಿಯುತ್ತಿದ್ದೆ.

‘ಮುಂದಿನ ಭಾಗ ಯಾವಾಗ?’ – ನೀವು ಕೇಳುವುದನ್ನು ನಿಲ್ಲಿಸಿದ ಮೂರು ತಿಂಗಳಿಗೆ.

‘ನನ್ನ ಹತ್ತಿರ ಒಂದು ಕತೆ ಇದೆ. ನೀವು ಬರೆಯಿರಿ, ಬಂದದ್ದು ಅರ್ಧ ಅರ್ಧ.’ – ನೀವೇ ಬರೆಯಿರಿ, ಬಂದದ್ದು ಪೂರ್ತಿ ನಿಮಗೇ.

‘ಮೂರು ಚಂದ್ರರ ಬೆಳಕಲ್ಲಿ ಆ ಜನ ನಿದ್ದೆ ಹೇಗೆ ಮಾಡುತ್ತಾರೆ?’ – ಪರದೆ ಹಾಕಿಕೊಂಡು.

ಏಳನೆಯದು ಮುಖ್ಯವಾದದ್ದು. ‘ಈ ಪಾತ್ರ ನಮ್ಮಲ್ಲಿ ಯಾರು?’ – ಯಾರೂ ಅಲ್ಲ. ಎಲ್ಲವೂ ಕಾಲ್ಪನಿಕ. ಇದರ ಕೆಳಗೆ ಅವನು ಎರಡು ಗೆರೆ ಎಳೆದ.

“ಹಾಳೆ ನೀವೇ ತಂದ್ರೆ ಅರ್ಧ ರೇಟು ಸಾರ್, ಒಂದು ಮಗ್ಗುಲು ಖಾಲಿ ಇದ್ರೆ ಸಾಕು” ಎಂದ ಜೆರಾಕ್ಸ್ ಅಂಗಡಿಯವನು. ಕಾದಂಬರಿಕಾರ ಮನೆಗೆ ಓಡಿ, ಇಸ್ತ್ರಿ ಪೆಟ್ಟಿಗೆ ಸರಿಸಿ, ರದ್ದಿಯ ಕಟ್ಟನ್ನೇ ಎತ್ತಿಕೊಂಡು ಬಂದ. ಸುಮಾರು ನಲವತ್ತು ಹಾಳೆ. ಯಂತ್ರ ಕೆಳಗಿನದನ್ನು ಮೇಲೆ ಮಾಡಿ ಬಿಸಿಬಿಸಿಯಾಗಿ ಹೊರಗೆ ಹಾಕಿತು.

ಕ್ಷೌರದ ಅಂಗಡಿಯಲ್ಲಿ ಆರು ಕೊಟ್ಟ. ಗ್ರಂಥಾಲಯದಲ್ಲಿ ಮೂರು. ವಾಪಸು ಬರುವಾಗ ಬಾಗಿಲಲ್ಲೇ ಕೂತಿದ್ದ ಕೆಳಮನೆ ಅಜ್ಜಿಗೆ ಎರಡು. ಒಂದು ಅಜ್ಜಿಗೆ, ಒಂದು ಅವರ ಮಗಳಿಗೆ. ಅವರೆಲ್ಲ ಬಾಯಿ ತೆರೆಯುವ ಮೊದಲೇ ಹಾಳೆ ಮುಂದೆ ಹಿಡಿದಿದ್ದ. ಮನೆಗೆ ಬಂದು ಕುರ್ಚಿಯಲ್ಲಿ ಕಾಲು ಚಾಚಿದ. ಎರಡು ಗಂಟೆ ಕಾಲ ಜಗತ್ತಿನಲ್ಲಿ ಯಾರೂ ಅವನನ್ನು ಏನೂ ಕೇಳಲಿಲ್ಲ. ಅಂಥ ನಿದ್ದೆ ಅವನಿಗೆ ಮದುವೆಗೆ ಮುಂಚೆ ಬಂದಿತ್ತೋ ಏನೋ.

ಒಂದೂವರೆಗೆ ಎದ್ದು, ಲಕೋಟೆ ತೆಗೆದು, ಕೊನೆಯ ಅಧ್ಯಾಯಕ್ಕೆ ಕೈ ಚಾಚಿದ. ಬರೆಯುವ ಮೇಜಿನ ಮೇಲಿರಲಿಲ್ಲ. ಇರುವುದಾದರೂ ಹೇಗೆ? ಹಿಂದಿನ ಸಂಜೆ ಅವನೇ ಅಲ್ಲಿಂದ ತೆಗೆದಿದ್ದ. ಅಳತೆ ಕೊಡಲು ಬರುವವರೆಲ್ಲ ಅವನ ಮೇಜಿನ ಮೇಲೆ ಕಣ್ಣಾಡಿಸುತ್ತಾರೆ. ಕೆಳಮನೆ ಅಜ್ಜಿಯಂತೂ ಲಂಗದ ಅಂಚು ಹೊಲಿದು ಮುಗಿಯುವಷ್ಟರಲ್ಲಿ ಒಂದು ಕೋಟೆಯ ಮುತ್ತಿಗೆಯನ್ನು ಪೂರ್ತಿ ಓದಿ, ಬೀದಿಗೆಲ್ಲ ಹೇಳಿ ಬಂದಿದ್ದರು. ಅದಕ್ಕೇ ಕೊನೆಯ ಅಧ್ಯಾಯವನ್ನು ಯಾರೂ ಹುಡುಕದ ಜಾಗದಲ್ಲಿ ಇಟ್ಟು, ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡಿದ್ದ.

ರದ್ದಿಯ ಕಟ್ಟಿನ ತಳದಲ್ಲಿ.

ಚೀಲದಲ್ಲಿ ಉಳಿದಿದ್ದ ಹಾಳೆಗಳನ್ನು ನೆಲಕ್ಕೆ ಸುರಿದು ಮಗುಚಿ ನೋಡಿದ. ಎಲ್ಲ ಹಳೆಯ ಕಸ. ಯಂತ್ರದಲ್ಲಿ ತಲೆಕೆಳಗಾಗಿ ಮೇಲೆ ಬಂದದ್ದು, ಮೊದಲು ಹಂಚಿಹೋದದ್ದು ಕೊನೆಯ ಅಧ್ಯಾಯವೇ. ಹೆಂಡತಿಯನ್ನು ಕೇಳೋಣವೆಂದರೆ ಅವಳು ಗುಂಡಿ ತರಲು ಪೇಟೆಗೆ ಹೋಗಿದ್ದಳು. ಕಾಲು ಸುಟ್ಟ ಬೆಕ್ಕಿನ ಹಾಗೆ ಮೆಟ್ಟಿಲಿಳಿದ.

ಕೆಳಮನೆ ಅಜ್ಜಿ ಕನ್ನಡಕ ಏರಿಸಿಕೊಂಡು ಹಾಳೆಯ ಹಿಂಬದಿಯಲ್ಲೇ ಮುಳುಗಿದ್ದರು.

“ಬಾಪ್ಪಾ. ನಿನ್ನ ಅಚ್ಚಿನ ಬರಹ ಸಪ್ಪೆ ಕಣೋ. ಈ ಕೈಬರಹ ಇದೆಯಲ್ಲ, ಇದು ಬರಹ! ಈ ಒಂಬತ್ತು ಕಣ್ಣಿನ ಕಾವಲುಗಾತಿ ಬಾಗಿಲಲ್ಲೇ ಕೂತು ಹೋಗೋರು ಬರೋರನ್ನೆಲ್ಲ ವಿಚಾರಿಸ್ತಾಳಲ್ಲ, ಇವಳು ಆ ಲೈಬ್ರರಿಯವಳೇ ತಾನೆ?”

ಕಾವಲುಗಾತಿ ಯಾರೆಂದು ಅವನಿಗೆ ಗೊತ್ತಿತ್ತು. ಅವಳು ಅವನೆದುರೇ ಬಾಗಿಲಲ್ಲಿ ಕೂತಿದ್ದಳು.

“ಏಳನೇ ಉತ್ತರ ನೋಡಿ ಅಜ್ಜಿ. ಎಲ್ಲ ಕಾಲ್ಪನಿಕ. ಆ ಹಾಳೆ ಎರಡೂ ಕೊಡ್ತೀರಾ?”

“ಕೊಡ್ತೀನಿ. ಮೊದಲು ಹೇಳು, ಆಮೇಲೆ ಅವಳಿಗೇನಾಯ್ತು? ಹತ್ತನೇ ಕಣ್ಣು ಬಂತಾ?”

ಇದು ಎಂಟರಲ್ಲಿ ಯಾವುದೂ ಆಗಿರಲಿಲ್ಲ. ಹನ್ನೊಂದು ನಿಮಿಷ ಹೋಯಿತು. ಎರಡು ಹಾಳೆ ಸಿಕ್ಕಿತು.

“ಕೊನೆಗೆ ಆ ರಾಣಿ ಏನಾದ್ಲು, ಅದನ್ನೂ ಹೇಳ್ಬಿಟ್ಟು ಹೋಗಪ್ಪಾ!” ಎಂದು ಅಜ್ಜಿ ಕೂಗುತ್ತಿದ್ದಾಗ ಅವನು ಬೀದಿ ದಾಟುತ್ತಿದ್ದ.

ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿಯೊಬ್ಬ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಕ್ಷೌರಿಕ ಕತ್ತಿ ಎತ್ತಿ ಹಿಡಿದು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನೊರೆ ಒಣಗಿ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು.

“ಬನ್ನಿ ಸಾರ್, ಬನ್ನಿ! ಎದುರಿಗೆ ಕೂತವರನ್ನ ಏಳೋಕೆ ಬಿಡದೆ ಮಾತಲ್ಲೇ ಸಾಯಿಸೋ ರಾಕ್ಷಸ ಇದಾನಲ್ಲ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಅದು ನಿಮ್ಮ ಕೆಳಮನೆ ಅಜ್ಜಿ ತಾನೆ?” ಎಂದು ಶುರು ಮಾಡಿದ ಕ್ಷೌರಿಕ, ಅಜ್ಜಿಯ ಮಾತಿನ ಚಾಳಿ, ಅವರ ಗಂಡನ ಕಿವುಡು, ತನ್ನ ಸೋದರತ್ತೆಗೂ ಹೀಗೇ ಇದ್ದದ್ದು, ಎಲ್ಲ ಹೇಳಿ ಮುಗಿಸುವವರೆಗೆ ಕಾದಂಬರಿಕಾರನಿಗೆ ಏಳಲಾಗಲಿಲ್ಲ.

“ಹಾಳೆ ಆರೂ ಇದೆಯೇನಪ್ಪಾ?”

“ಇದೆ ಸಾರ್. ಒಂದನ್ನ ಮಾತ್ರ ಕತ್ತಿ ಒರೆಸೋಕೆ ನಾಲ್ಕು ತುಂಡು ಮಾಡಿದ್ದೆ. ಓದಿದ ಮೇಲೇ ಒರೆಸಿದ್ದು, ಸುಳ್ಳು ಹೇಳಲ್ಲ.”

ನೊರೆ, ಗಡ್ಡದ ಚೂರು ಮೆತ್ತಿದ್ದ ನಾಲ್ಕು ತುಂಡನ್ನು ಕನ್ನಡಿಗೆ ಅಂಟಿಸಿ ಒಣಗಿಸಿದರು. ಒಂದು ಸಾಲು ಅಳಿಸಿಹೋಗಿತ್ತು. ಅದನ್ನು ಗಿರಾಕಿ ಬಾಯಿಪಾಠ ಹೇಳಿದ. ಅವನು ಹೇಳಿದ್ದು ಮೂಲಕ್ಕಿಂತ ಸ್ವಲ್ಪ ಚೆನ್ನಾಗಿಯೇ ಇತ್ತು. ಕಾದಂಬರಿಕಾರ ಅದನ್ನೇ ಬರೆದುಕೊಂಡ.

ಗ್ರಂಥಾಲಯ ಮುಟ್ಟುವಾಗ ಮೂರೂವರೆ. ಸೂಚನಾ ಫಲಕದ ಗಾಜಿನೊಳಗೆ ಮೂರೂ ಹಾಳೆ, ಒಂದೊಂದಕ್ಕೂ ನಾಲ್ಕು ಪಿನ್ನು, ಕೈಬರಹದ ಮಗ್ಗುಲು ಹೊರಕ್ಕೆ. ಎದುರಿಗೆ ಏಳೆಂಟು ಜನ.

“ತೆಗೆಯೋಕಾಗಲ್ಲ” ಎಂದರು ಗ್ರಂಥಪಾಲಕಿ. “ಫಲಕಕ್ಕೆ ಹಾಕಿದ್ದಕ್ಕೆಲ್ಲ ಮೊಹರು ಬಿದ್ದಿದೆ, ಕ್ರಮಸಂಖ್ಯೆ ಬಿದ್ದಿದೆ. ಏಳು ದಿನ ಇರಬೇಕು.”

“ಅದು ನಾನೇ ಬರೆದದ್ದು ತಾಯಿ!”

“ಬರೆದವರು ಅಂತ ಪುರಾವೆ ಏನು? ಅರ್ಜಿ ಕೊಡಿ. ಕಾರಣ ವಿವರವಾಗಿರಲಿ.”

ಅರ್ಜಿ ಬರೆದ. ಅಂಚು ಬಿಟ್ಟಿಲ್ಲವೆಂದು ಮತ್ತೆ ಬರೆಸಿದರು. ಅದರ ಮೇಲೆ ಮೊಹರು ಒತ್ತುತ್ತ ಅವರು ದನಿ ತಗ್ಗಿಸಿದರು. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಪ್ಪಿಗೆ ಚೀಟಿ ಇಲ್ಲದೆ ಸತ್ತವರನ್ನೂ ಪರಲೋಕಕ್ಕೆ ಬಿಡದ ಆ ಅಧಿಕಾರಿ, ನಿಮ್ಮ ಪ್ರಕಾಶಕರೇ ಅಲ್ವಾ? ಎಂಥೆಂಥ ಜನ ಇರ್ತಾರೆ ನೋಡಿ!”

ಅವನು ತಲೆಯಾಡಿಸಿದ. ಹತ್ತೊಂಬತ್ತು ವರ್ಷ ತಾನು ಯಾವುದಕ್ಕೆ ಹೆದರಿದ್ದನೋ ಅದಕ್ಕೆ ಕಾರಣವೇ ಇರಲಿಲ್ಲ. ಯಾರೊಬ್ಬರೂ ತಮ್ಮನ್ನು ತಾವು ಗುರುತಿಸುವವರಲ್ಲ. ಪಕ್ಕದವರನ್ನು ಗುರುತಿಸಲು ಮಾತ್ರ ತಡವಾಗುವುದಿಲ್ಲ.

ಮೂರೂ ಹಾಳೆ ಕೈಗೆ ಬಂದ ಮೇಲೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಎಣಿಸಿದ. ಹನ್ನೊಂದು. ಮತ್ತೆ ಎಣಿಸಿದ. ಹನ್ನೊಂದೇ. ರಾಣಿ ಸಾಯುವ ಹನ್ನೆರಡನೆಯ ಹಾಳೆ ಇರಲಿಲ್ಲ. ಜೆರಾಕ್ಸ್ ಅಂಗಡಿಯವನು ಯಂತ್ರದ ಹೊಟ್ಟೆ ಬಿಚ್ಚಿ ತೋರಿಸಿದ, ಅಲ್ಲೂ ಇಲ್ಲ. ಐದಕ್ಕೆ ಐದು ನಿಮಿಷ ಇರುವಾಗ ಬೆವರು ಒರೆಸಿಕೊಳ್ಳುತ್ತ ಪ್ರಕಾಶಕರ ಕೋಣೆ ಹೊಕ್ಕ.

ಪ್ರಕಾಶಕರಿಗೆ ಒಂದು ಅಭ್ಯಾಸವಿತ್ತು. ಯಾವ ಹಸ್ತಪ್ರತಿ ಬಂದರೂ ಮೊದಲು ಕೊನೆಯ ಹಾಳೆ ಓದುತ್ತಿದ್ದರು. ಲಕೋಟೆಯಿಂದ ಹನ್ನೊಂದನೆಯದನ್ನು ಎಳೆದು, ಕೊನೆಯ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: “‘ರಾಣಿ ಏಳನೆಯ ಬಾಗಿಲು ತೆರೆದಳು. ಒಳಗೆ’...”

“ಸಾರ್, ಅದು ಏನಾಯ್ತು ಅಂದ್ರೆ, ಇನ್ನೊಂದು ಹಾಳೆ...”

“ಒಳಗೆ!” ಪ್ರಕಾಶಕರು ಮೇಜು ಗುದ್ದಿದರು. “ಆಹಾ! ‘ಒಳಗೆ’ ಅಂತ ನಿಲ್ಲಿಸಿಬಿಟ್ಟಿದೀರಿ! ಒಂದು ಪೂರ್ಣವಿರಾಮ ಕೂಡ ಇಲ್ಲ! ನಾನು ಹೆದರಿದ್ದೆ ಕಣ್ರೀ, ಎಲ್ಲಿ ಮುಗಿಸಿಬಿಡ್ತೀರೋ ಅಂತ. ಇನ್ನು ಮೂರು ಭಾಗಕ್ಕೆ ಮೋಸವಿಲ್ಲ.”

“ಸಾರ್, ಇದೇ ಕೊನೆಯ ಭಾಗ. ರಾಣಿ ಸಾಯ್ತಾಳೆ. ಆ ಹಾಳೆ ಕಳೆದುಹೋಗಿದೆ.”

ಪ್ರಕಾಶಕರು ಹಾಳೆಯನ್ನು ಲಕೋಟೆಗೆ ವಾಪಸು ಹಾಕಿದರು. ಕೆಟ್ಟ ಮನುಷ್ಯರಲ್ಲ. “ನಿಮಗೂ ಸಾಕಾಗಿದೆ ಅಂತ ಗೊತ್ತು. ಇದನ್ನ ಮುದ್ರಣಾಲಯಕ್ಕೆ ಈಗಲೇ ಕಳಿಸ್ತೀನಿ. ಆ ಹಾಳೆ ನಾಳೆ ಬೆಳಿಗ್ಗೆ ಎಂಟರೊಳಗೆ ತಂದರೆ ಕತೆ ಮುಗೀತು, ನಿಮಗೆ ಬಿಡುಗಡೆ. ತರದಿದ್ದರೆ ಹಿಂದಿನ ಹೊದಿಕೆ ಮೇಲೆ ‘ಇನ್ನೂ ಮೂರು ಭಾಗ’ ಅಂತ ಹಾಕಿಸ್ತೀನಿ. ಆಮೇಲೆ ನನ್ನನ್ನ ಬೈಬೇಡಿ.”

ಕಾದಂಬರಿಕಾರ ಹೊರಗೆ ಬಂದು ಉಸಿರು ಬಿಟ್ಟ. ಒಂದೇ ಹಾಳೆ. ಸಿಗದಿದ್ದರೂ ಮತ್ತೆ ಬರೆದರಾಯಿತು. ಸೈಕಲ್ ರಿಪೇರಿಯ ಮುದುಕ ಅವನ ಮನಸ್ಸಿನಲ್ಲಿ ಪಂಕ್ಚರ್ ಹಾಕಲು ಕೂತೇಬಿಟ್ಟ.

ಮನೆಯ ಬಾಗಿಲು ತೆಗೆದರೆ ಹೆಂಡತಿಯ ಮೇಜಿನ ಮೇಲೆಯೇ ಹನ್ನೆರಡನೆಯ ಹಾಳೆ! ಕಾಲರಿನ ಆಕಾರಕ್ಕೆ ಕತ್ತರಿಸಿತ್ತು, ನೀಲಿ ಬಟ್ಟೆಯ ಮೇಲೆ ಪಿನ್ನು ಚುಚ್ಚಿತ್ತು. ಎರಡು ಮೂಲೆ ಹೋಗಿದ್ದವು, ಅಷ್ಟೇ. ರಾಣಿ ಸಾಯುವ ಸಾಲು ಕತ್ತಿನ ಬಳಿ ಪೂರ್ತಿ ಉಳಿದಿತ್ತು. ಬೆಳಿಗ್ಗೆ ಅವನು ಏಳುವ ಮುಂಚೆಯೇ ಅವಳು ಇಸ್ತ್ರಿ ಪೆಟ್ಟಿಗೆ ಎತ್ತಲು ಸೋಮಾರಿತನಪಟ್ಟು ತಳದಿಂದ ಒಂದು ಹಾಳೆ ಎಳೆದುಕೊಂಡಿದ್ದಳು.

“ಸಿಕ್ಕಿತು!” ಎಂದು ಅವನು ಕೈ ಚಾಚಿದ.

“ರೀ, ಒಂದು ಮಾತು ಕೇಳಲಾ?” ಎಂದಳು ಹೆಂಡತಿ.

ಅವನ ಕೈ ಗಾಳಿಯಲ್ಲೇ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಅವಳು ಹೀಗೆ ಕೇಳಿದ್ದು ಇದೇ ಮೊದಲು.

“ಮಧ್ಯಾಹ್ನ ಕೆಳಮನೆ ಅಜ್ಜಿ ಬಂದು ‘ರಾಣಿ ಏನಾದ್ಲು, ಹೇಳು’ ಅಂತ ಕೂತುಬಿಟ್ರು. ನನಗೇನು ಗೊತ್ತು ಅಂದೆ, ನೋಡಿದ್ರೆ ನನ್ನ ಕಾಲರಿನ ಮೇಲೇ ಬರೆದಿತ್ತು.” ಕೊರಳಲ್ಲಿ ಟೇಪು, ತುಟಿಯ ನಡುವೆ ಮೂರು ಪಿನ್ನು; ಅವನ್ನು ಕಚ್ಚಿಕೊಂಡೇ ಅವಳು ಮಾತಾಡುತ್ತಿದ್ದಳು. “ಈ ರಾಣಿ ಕೊರಳಿಗೆ ಅಳತೆಯ ಗೀಟಿರೋ ಹಾವು ಸುತ್ತಿಕೊಂಡಿರ್ತಾಳಂತೆ. ಬೆಳ್ಳಿ ಮುಳ್ಳು ಕಚ್ಚಿಕೊಂಡೇ ಆಜ್ಞೆ ಕೊಡ್ತಾಳಂತೆ. ಯಾರಿವಳು?”

ಕಾದಂಬರಿಕಾರ ಚೀಲದಿಂದ ಒಂದು ಹಾಳೆ ತೆಗೆದು, ಎರಡು ಗೆರೆ ಎಳೆದ ಏಳನೇ ಉತ್ತರ ತೋರಿಸಿದ. ಅವಳು ಓದಿದಳು. ಮಡಿಸಿ ಪಕ್ಕಕ್ಕಿಟ್ಟಳು. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು.

“ಇದು ಬೀದಿಯವರಿಗೆ ಕೊಡೋ ಉತ್ತರ. ನನಗೆ ಹೇಳಿ. ನನ್ನನ್ನ ಯಾಕೆ ಸಾಯಿಸಿದ್ರಿ?”

ಊರಿಗೆ ಊರೇ ಪಕ್ಕದವರನ್ನು ಗುರುತಿಸಿತ್ತು. ತನ್ನನ್ನು ತಾನು ಗುರುತಿಸಿದವಳು ಇವಳೊಬ್ಬಳೇ. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ಅವನು ಹೇಗೋ ಸಂಭಾಳಿಸುತ್ತಿದ್ದ. ಇದ್ದದ್ದು ನೀರು.

ಅವನು ಕಾಲರಿನಾಕಾರದ ಹಾಳೆಯನ್ನು ನೋಡಿದ. ಸೈಕಲ್ ರಿಪೇರಿಯ ಮುದುಕ ಮೆಲ್ಲಗೆ ಅಂಗಡಿಯ ಬಾಗಿಲು ಎಳೆದುಕೊಂಡ.

“ಸತ್ತಿಲ್ಲ ಕಣೇ” ಎಂದ. “ಅದು ಬೇಡ ಅಂತ ಬಿಟ್ಟ ಹಾಳೆ. ರದ್ದಿಯಲ್ಲಿತ್ತಲ್ಲ? ರಾಣಿ ಇನ್ನೂ ಮೂರು ಭಾಗ ಇರ್ತಾಳೆ. ಪ್ರಕಾಶಕರಿಗೆ ಹೇಳಿ ಬಂದೆ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕತ್ತರಿ ಕೈಗೆತ್ತಿಕೊಂಡು, ಹಾಳೆಯನ್ನೂ ಬಟ್ಟೆಯನ್ನೂ ಸೇರಿಸಿ ಕಚಕಚನೆ ಕತ್ತರಿಸತೊಡಗಿದಳು. ಅರ್ಧಕ್ಕೆ ನಿಲ್ಲಿಸಿ ತಲೆಯೆತ್ತಿದಳು.

“ಮೂರೇನಾ?”

ಆ ದಿನ ಅವನು ಗಳಿಸಿದ್ದು ಮೂರು ಭಾಗದ ಕೆಲಸ ಮತ್ತು ಒಬ್ಬ ಹೊಸ ಓದುಗಿ. ಕಳೆದುಕೊಂಡದ್ದು ಎಂಬತ್ತು ಪುಟದ ಒಂದು ಸೈಕಲ್ ಅಂಗಡಿ, ಮತ್ತು ಯಾರೂ ಏನನ್ನೂ ಕೇಳದಿದ್ದ ಒಂದೇ ಒಂದು ಕೋಣೆ.