ಗುಡುಗುವೀರನ ಹೆಗಲ ಗುಂಡಿ

ಮನುಷ್ಯ ಯಾವ ಚಟವನ್ನೂ ಒಂದೇ ಸಲಕ್ಕೆ ಬಿಡುವುದಿಲ್ಲ. ಬೀಡಿ ಬಿಟ್ಟವರನ್ನು ಕೇಳಿ ನೋಡಿ, ಮೊದಲು ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟೆ ಅನ್ನುತ್ತಾರೆ. ನಾನು ಬೀಡಿ ಸೇದಿದವನಲ್ಲ. ನನಗಿದ್ದ ಚಟವನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಬಿಳಿ ಗಡ್ಡ ಬಿಟ್ಟುಕೊಂಡು, ಮೂಡಲಗಿಯ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಊರವರಿಂದ ಸಾಹೇಬ್ರ ಅನ್ನಿಸಿಕೊಳ್ಳುವ ನಾನು ಆಕಾಶದಲ್ಲಿ ಹಾರಾಡುವ ವೀರರ ಚಿತ್ರಕಥೆ ಓದುತ್ತೇನೆ. ಓದುತ್ತಿದ್ದೆ ಅನ್ನಬೇಕೋ ಓದುತ್ತೇನೆ ಅನ್ನಬೇಕೋ ಎಂಬುದು ಕಳೆದ ಎರಡು ವರ್ಷಗಳಿಂದ ನನಗೇ ಗೊತ್ತಿರಲಿಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅದರಲ್ಲೂ ಅರ್ಧ ವರ್ಷ ಸಾಲಿಯ ಹೊರಗೇ ಕಳೆದಿದ್ದೆ. ಗೋಕಾಕದಲ್ಲಿ ಮಾಮಾನ ಹೊಲಿಗೆ ಅಂಗಡಿಗೆ ಗುಂಡಿಯ ಕಾಜಾ ಹೊಲಿಯಲು ಸೇರಿದಾಗ ನನಗೆ ಬರುತ್ತಿದ್ದುದು ನನ್ನ ಹೆಸರು ಮತ್ತು ಬಸ್ಸಿನ ಬೋರ್ಡು ಮಾತ್ರ. ಬಸ್‌ಸ್ಟ್ಯಾಂಡಿನ ಬಾಜೂ ಈರಪ್ಪನ ಪುಸ್ತಕದಂಗಡಿ. ಅಲ್ಲಿ ದಾರಕ್ಕೆ ನೇತುಬಿದ್ದು ಗಾಳಿಗೆ ಅಲ್ಲಾಡುತ್ತಿದ್ದ ಒಂದು ಪುಸ್ತಕದ ಮೇಲೆ ಮೊದಲ ಸಲ ಗುಡುಗುವೀರನನ್ನು ನೋಡಿದೆ. ಸಿಡಿಲು ಚಿತ್ರಕಥೆಯವರ ಮಾಸಿಕ. ಒಂದು ಕೈಯಲ್ಲಿ ಮೋಡ, ಇನ್ನೊಂದು ಕೈಯಲ್ಲಿ ಕಳ್ಳನ ಕಾಲರು. ಏನು ಹೇಳುತ್ತಿದ್ದಾನೆ ಎಂದು ತಿಳಿಯುವ ಆಸೆಗೆ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಒತ್ತಕ್ಷರಗಳನ್ನಂತೂ ನಾನು ಪೂರ್ತಿ ಕಳ್ಳರ ಬಾಯಿಂದಲೇ ಕಲಿತೆ. ಏಟು ಬಿದ್ದಾಗ ಅವರು ಒತ್ತಕ್ಷರವಿಲ್ಲದೆ ಕೂಗುತ್ತಿರಲಿಲ್ಲ.

ಆಮೇಲೆ ಮೂಡಲಗಿಯಲ್ಲಿ ನನ್ನದೇ ಅಂಗಡಿ ಆಯಿತು, ಮದುವೆ ಆಯಿತು, ಮಗಳು ಹುಟ್ಟಿದಳು. ಗುಡುಗುವೀರ ಮಾತ್ರ ತಪ್ಪಲಿಲ್ಲ. ತಿಂಗಳಿಗೊಮ್ಮೆ ನೂಲು, ಅಸ್ತರು ತರಲು ಗೋಕಾಕಕ್ಕೆ ಹೋಗುತ್ತಿದ್ದೆ. ನೂಲು ನೆಪ. ಹೆಂಡತಿ ಜೈತೂನ್‌ಗೆ ಅದು ಗೊತ್ತಿತ್ತು. ನಮ್ಮ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ. "ಊರ ಮಂದಿ ಅಂಗಿ ಹಂಗ ಬಿದ್ದಾವು, ಇವ್ರು ಹಾರೂ ಗಂಡಸನ್ನ ನೋಡ್ಕೋತ ಕುಂತಾರು" ಎನ್ನುತ್ತಿದ್ದಳು.

ದರ್ಜಿಯ ಕಣ್ಣು ಕೆಟ್ಟದ್ದು. ಮದುವೆಯಲ್ಲಿ ಎಲ್ಲರೂ ಮದುಮಗನ ಮುಖ ನೋಡಿದರೆ ನಾನು ಅವನ ತೋಳಿನ ಮಡಿಕೆ ನೋಡುತ್ತೇನೆ. ಹಾಗೆಯೇ ಒಂದು ದಿನ ಗುಡುಗುವೀರನ ಬೆನ್ನಿನ ಚಾದರದ ಮೇಲೆ ಕಣ್ಣು ಬಿತ್ತು. ಅಷ್ಟು ಜೋರಾಗಿ ಹಾರುವವನ ಚಾದರ ಹೆಗಲಿಗೆ ಸುಮ್ಮನೆ ಅಂಟಿಕೊಂಡಿತ್ತು. ಗಂಟಿಲ್ಲ, ಪಿನ್ನಿಲ್ಲ, ಏನೂ ಇಲ್ಲ. ಆ ವಾರ ನನಗೆ ಕತ್ತರಿ ಹಿಡಿದರೆ ಸಮಾಧಾನವಿಲ್ಲ. ಕೊನೆಗೆ ಒಂದು ಕಾರ್ಡು ಬರೆದೆ: "ನಾನು ದರ್ಜಿ. ಬಲ ಹೆಗಲಿಗೆ ಒಂದು ಬಿಳಿ ಗುಂಡಿ ಹಚ್ಚಿರಿ. ಇಲ್ಲದಿದ್ದರೆ ಚಾದರ ಮೊದಲ ಗಾಳಿಗೇ ಹೋಗುತ್ತದೆ." ಇಪ್ಪತ್ತು ದಿನಕ್ಕೆ ಉತ್ತರ ಬಂತು! "ಮಾನ್ಯ ಓದುಗರೇ, ನಿಮ್ಮ ಮಾತು ಸರಿ. ಮುಂದಿನ ಸಂಚಿಕೆಯಿಂದ ಗುಂಡಿ ಇರುತ್ತದೆ." ಮುಂದಿನ ಸಂಚಿಕೆಯಲ್ಲಿ ಗುಂಡಿ ಇತ್ತು. ನಾಲ್ಕು ತೂತಿನದು. ಚಿತ್ರ ಬರೆಯುವವರು ದಾರವನ್ನೂ ಬಿಟ್ಟಿರಲಿಲ್ಲ. ನಾನು ಊರಿಗೆಲ್ಲ ತೋರಿಸಿ ಬಂದೆ. ಕೌಜಲಗಿಯಿಂದ ಅಳತೆ ಕೊಡಲು ಬಂದವರೂ ಆ ಗುಂಡಿ ನೋಡದೆ ಹೋಗಲಿಲ್ಲ.

ಎರಡು ವರ್ಷದ ಹಿಂದೆ ಸಿಡಿಲು ಚಿತ್ರಕಥೆಯವರು ಗುಡುಗುವೀರನನ್ನು ಹೊಸಬನನ್ನಾಗಿ ಮಾಡಿದರು. ಮಿಂಚುವ ಕಾಗದ, ಕಂಪ್ಯೂಟರಿನ ಚಿತ್ರ. ಮೈಗೆ ಎರಕ ಹೊಯ್ದಂಥ ಉಡುಪು, ಹೊಲಿಗೆ ಎಲ್ಲಿಯೂ ಕಾಣದು. ಗುಂಡಿ ಹೋಗಿತ್ತು. ನನ್ನ ಗುಂಡಿ! ಮಗಳಿಗೆ ಹೇಳಿ ಅವಳ ಮೊಬೈಲಿನಿಂದ ಅವರಿಗೆ ಬರೆಸಿದೆ. ಆ ಗಳಿಗೆಗೇ ಉತ್ತರ: ಒಂದು ಹೆಬ್ಬೆರಳಿನ ಚಿತ್ರ. ಇಪ್ಪತ್ತು ದಿನ ತಡೆದು ಬಂದಿದ್ದರೂ ಆಗುತ್ತಿತ್ತು, ಯಾರೋ ಒಬ್ಬರು ಓದಿದರು ಅಂದುಕೊಳ್ಳುತ್ತಿದ್ದೆ. ಅಂದಿನಿಂದ ಒಂದು ತಿಂಗಳು ತಪ್ಪಿತು, ಎರಡು ತಿಂಗಳು ತಪ್ಪಿತು. ನೂಲು ತರಲು ಹೋದಾಗ ಈರಪ್ಪನ ಕಣ್ಣಿಗೆ ಬೀಳದಂತೆ ಬಸ್‌ಸ್ಟ್ಯಾಂಡಿನ ಹಿಂದಿನ ಗೇಟಿನಿಂದ ಹೊರಬೀಳತೊಡಗಿದೆ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಲಭವಿತ್ತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಕೈ ತಾನಾಗಿ ಮೇಜಿನ ಕೆಳಗೆ ಹೋಗಿ, ಏನೂ ಸಿಗದೆ, ಅಳತೆ ಟೇಪು ಹಿಡಿದುಕೊಂಡು ಬರುತ್ತಿತ್ತು.

ಈಗ ಖುಷಿಯ ಸುದ್ದಿ. ಇದನ್ನು ಹೇಳಲಿಕ್ಕೇ ಇಷ್ಟು ಹೊತ್ತು ನಾನು ಒಳಗೊಳಗೇ ಕುಣಿಯುತ್ತಿದ್ದೇನೆ. ನನ್ನ ಮೊಮ್ಮಗಳು ಸಾನಿಯಾ ಓದುತ್ತಾಳೆ! ಮಗಳನ್ನು ಕೊಟ್ಟದ್ದು ಹುಕ್ಕೇರಿಗೆ. ಸಾನಿಯಾ ಅಲ್ಲಿ ಎರಡನೆಯ ಇಯತ್ತೆ ಮುಗಿಸಿ ಈ ಸಲದ ಬೇಸಿಗೆ ಸೂಟಿಗೆ ಬಂದಳು. ಬರುವಾಗಲೇ ಬಸ್ಸಿನಲ್ಲಿ ಬರೆದದ್ದನ್ನೆಲ್ಲ ಓದುತ್ತಾ ಬಂದಳಂತೆ. ಹಳೆಯ ಸಂಚಿಕೆಗಳನ್ನು ತುಂಬಿಟ್ಟಿದ್ದ ಟ್ರಂಕು ತೆಗೆದೆ. ಇವಳಿಗೆ ಹಿಡಿಸದಿದ್ದರೆ? ಹಳೆಯ ಕಾಗದದ ವಾಸನೆಗೆ ಮೂಗು ಮುಚ್ಚಿಕೊಂಡರೆ? ಹಾಗಾದರೆ ಆ ಟ್ರಂಕು ನನ್ನ ಜೊತೆಗೇ ಮುಗಿದಂತೆ. ಅವಳು ಕಾಲು ಚಾಚಿ ಕುಳಿತು ಬೆರಳಿಟ್ಟು ಓದತೊಡಗಿದಳು. ನಾನು ಕತ್ತರಿಸುತ್ತಿದ್ದ ಪ್ಯಾಂಟಿನ ಬಟ್ಟೆಗೆ ಮೂರು ಕಿಸೆ ಗುರುತು ಹಾಕಿದ್ದೆ, ಅದೂ ಒಂದೇ ಕಡೆಗೆ.

"ನಾನಾ, ಇಂವಾ ಹಾರೂ ಮುಂದ ಚಾದರ ಯಾಕ ಬೀಳಂಗಿಲ್ಲ?" ತಾಯಿಯ ಅಪ್ಪನಿಗೆ ನಮ್ಮಲ್ಲಿ ನಾನಾ ಅನ್ನುತ್ತಾರೆ.

"ಗುಂಡಿ ಐತಲ್ಲವಾ."

"ಯಾರ ಹಚ್ಚ್ಯಾರ?"

ಈ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಎಷ್ಟು ವರ್ಷ ಕಾದಿದ್ದೆ! "ನಾ" ಅಂದೆ.

"ಸುಳ್ಳ!"

ಟ್ರಂಕಿನ ತಳದಿಂದ ಆ ಉತ್ತರದ ಕಾರ್ಡು ತೆಗೆದುಕೊಟ್ಟೆ. ಅವಳು ಅದನ್ನು ಗಟ್ಟಿಯಾಗಿ, ತಡೆದು ತಡೆದು, "ಮಾ-ನ್ಯ ಓ-ದು-ಗ-ರೇ" ಎಂದು ಓದಿದಳು. ನನಗೆ ಸೂಜಿಯ ಕಣ್ಣು ಕಾಣದಾಯಿತು. ಜೈತೂನ್ ಅಂಗಡಿಯ ಹಿಂದಿನ ನಮ್ಮ ಅಡುಗೆಮನೆಯಿಂದ "ಅಳಾಕತ್ತೀರೇನ್ರಿ?" ಅಂದಳು. "ಉಳ್ಳಾಗಡ್ಡಿ ಹೆಚ್ಚಾಕತ್ತೀಯಲ್ಲ" ಅಂದೆ. ಅವಳು ಹೆಚ್ಚುತ್ತಿದ್ದುದು ಬೆಂಡೆಕಾಯಿ.

ಸಾನಿಯಾ ಕಾರ್ಡು ಮಡಿಲಲ್ಲಿಟ್ಟುಕೊಂಡು ಕೇಳಿದಳು. "ಈಗ ಇಂವಾ ಏನ ಮಾಡಾಕತ್ತಾನ?"

ನನಗೆ ಗೊತ್ತಿರಲಿಲ್ಲ. ಮಾತು ಬಿಟ್ಟ ತಮ್ಮನ ಯೋಗಕ್ಷೇಮವನ್ನು ಬೇರೆ ಊರಿನವರು ಕೇಳಿದಂತಾಯಿತು.

ಮರುದಿನ ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ಈರಪ್ಪ ನನ್ನನ್ನು ನೋಡಿ ಕನ್ನಡಕ ಮೇಲೇರಿಸಿದ. "ಏನ್ರಿ ಸಾಹೇಬ್ರ, ಹಾದಿ ಮರ್ತಿದ್ರೇನ?"

"ಮೈಯಾಗ ಆರಾಮ ಇದ್ದಿದ್ದಿಲ್ರಿ."

"ಹೌದ? ಕಲ್ಲೋಳಿ ಲಗ್ನದಾಗ ಮೂರ ಸಲ ಬಿರ್ಯಾನಿ ಹಾಕಿಸ್ಕೊಂಡ್ರಂತ, ಅದ ಔಷಧಕ್ಕೇನ?" ಆಮೇಲೆ ದನಿ ಇಳಿಸಿದ. "ಆರ ತಿಂಗಳ ನಿಮ್ಮ ಪುಸ್ತಕ ತಗದ ಇಟ್ಟಿದ್ದೆ ನೋಡ್ರಿ. ಆಮ್ಯಾಲ ವಾಪಸ ಕಳಿಸಿದೆ."

ಇದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು. ಹೊಸ ಸಂಚಿಕೆ ಕೊಂಡೆ. "ನನಗಲ್ಲ, ಮೊಮ್ಮಗಳಿಗೆ" ಅಂದೆ. "ಹೂಂ ಹೂಂ" ಅಂದ.

ಸಾನಿಯಾ ಬಸ್ಸಿನಲ್ಲೇ ಮುಖಪುಟ ನೋಡಿ ಚೀರಿದಳು. "ನಾನಾ, ನಿನ್ನ ಗುಂಡಿ ಎಲ್ಲಿ?" ಎರಡು ವರ್ಷ ನಾನು ಯಾರಿಗೂ ಹೇಳಲಾಗದ ದುಃಖವನ್ನು ಅವಳು ಇಡೀ ಬಸ್ಸಿಗೆ ಹೇಳಿದಳು. ಕಂಡಕ್ಟರು ಸೀಟಿನ ಕೆಳಗೆ ಬಗ್ಗಿ ಹುಡುಕಿದರು.

ಅಂಗಡಿಗೆ ಬಂದವಳೇ ಪುಸ್ತಕವನ್ನು ಮಷೀನಿನ ಮೇಲಿಟ್ಟಳು. "ಹಚ್ಚ ನಾನಾ."

"ಕಾಗದವಾ ಇದು, ಸೂಜಿ ಹಾಕಿದ್ರ ಹರೀತೈತಿ."

"ನೀ ದರ್ಜಿ ಹೌದಿಲ್ಲ?"

ಕಾಲರು ನಿಲ್ಲಲು ಒಳಗೆ ಹಾಕುವ ಬಕ್ರಂನ ಒಂದು ತುಂಡನ್ನು ಮುಖಪುಟದ ಹಿಂದೆ ಅಂಟಿಸಿದೆ. ಡಬ್ಬಿಯಲ್ಲಿ ಇದ್ದವೆಲ್ಲ ಕೋಟಿನ ದೊಡ್ಡ ಕರಿ ಗುಂಡಿಗಳು. ಸಾನಿಯಾ ನನ್ನ ಕೊರಳಿಗೆ ಬೆರಳು ತೋರಿಸಿದಳು. "ಇದ ಆಗತೈತಿ ನೋಡ." ಕತ್ತರಿ ತೆಗೆದು ನನ್ನ ಅಂಗಿಯ ಮೇಲಿನ ಗುಂಡಿ ಕತ್ತರಿಸಿದೆ. ನಾಲ್ಕು ತೂತಿಗೂ ಎರಡೆರಡು ಸಲ ದಾರ ಹಾಕಿ ಗುಡುಗುವೀರನ ಹೆಗಲಿಗೆ ಬಿಗಿದೆ. ಅವಳು ಎಳೆದು ನೋಡಿ, "ಈಗ ಹಾರಲಿ" ಅಂದಳು.

ಸೂಟಿ ಮುಗಿದು ಆ ಪುಸ್ತಕ ಹುಕ್ಕೇರಿಗೆ ಹೋಯಿತು. ಮಗಳು ಮೊಬೈಲಿನಲ್ಲಿ ಫೋಟೋ ಕಳಿಸಿದಾಗಲೇ ನಾನು ನೋಡಿದ್ದು. ಗುಂಡಿಯನ್ನು ಎಡ ಹೆಗಲಿಗೆ ಹಚ್ಚಿದ್ದೆ, ಹೆಣ್ಣುಮಕ್ಕಳ ಅಂಗಿಗೆ ಹಚ್ಚುವ ಕಡೆಗೆ! ಬಲ ಹೆಗಲಿಗೆ ಎಂದು ಕಾರ್ಡು ಬರೆದವನೂ ನಾನೇ. ಖುಷಿಯಲ್ಲಿ ಕೈ ಸಾನಿಯಾಳ ಫ್ರಾಕಿನ ಲೆಕ್ಕ ಹಿಡಿದಿರಬೇಕು. ಈಗ ಸಿಡಿಲು ಚಿತ್ರಕಥೆಯವರಿಗೆ ಯಾವ ಮುಖದಿಂದ ತಕರಾರು ಬರೆಯಲಿ?

ಈ ತಿಂಗಳೂ ಗೋಕಾಕಕ್ಕೆ ಹೋಗಿದ್ದೆ, ಮುಂದಿನ ಗೇಟಿನಿಂದಲೇ. ಈರಪ್ಪ ಪುಸ್ತಕ ತೆಗೆದಿಟ್ಟಿದ್ದ. ಕೊಡುವಾಗ ನನ್ನ ಕೊರಳು ನೋಡಿ, "ಊರಿಗೆಲ್ಲಾ ಗುಂಡಿ ಹಚ್ಚವ್ರು, ನಿಮ್ಮ ಅಂಗಿ ಹಂಗ ಬಿಟ್ಟೀರಲ್ರಿ ಸಾಹೇಬ್ರ?" ಅಂದ.

ಬಿಟ್ಟದ್ದು ಹೌದು. ಬೇರೆ ಗುಂಡಿ ಹಚ್ಚಲು ನನಗೆ ಇನ್ನೂ ಮನಸ್ಸಾಗಿಲ್ಲ. ಸಾನಿಯಾ ಮುಂದಿನ ಸೂಟಿಗೆ ಬಂದಾಗ, ನಿನ್ನ ಗುಂಡಿ ಎಲ್ಲಿ ಎಂದು ಅವಳು ಕೇಳಬೇಕಲ್ಲ.