ಕಾಕಾ ಮತ್ತು ನಾಲ್ಕು ಓಮ್

ನಮ್ಮ ಕಾಕಾ ಮನುಷ್ಯರನ್ನು ಸುಲಭವಾಗಿ ನಂಬುತ್ತಾರೆ. ಆದರೆ ವಾಯರ್ ಮುಟ್ಟಿದ ಮನುಷ್ಯರನ್ನು ಮಾತ್ರ ಸುತರಾಂ ನಂಬುವುದಿಲ್ಲ. ದೇಹೂ ರೋಡಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. ನಿವೃತ್ತರಾದ ಮೇಲೂ ಅವರ ಜೇಬಿನಲ್ಲಿ ಪೆನ್ನಿನ ಬದಲು ಕರೆಂಟು ಅಳೆಯುವ ಮಲ್ಟಿಮೀಟರ್ ಇರುತ್ತದೆ. ನನಗೆ ಹೆಣ್ಣು ನೋಡಲು ಸದಾಶಿವ ಪೇಠಕ್ಕೆ ಹೋದಾಗ ಆ ಮನೆಯ ಕರೆಗಂಟೆ ಕೆಟ್ಟಿತ್ತು. ಬೇರೆ ಯಾರೇ ಆಗಿದ್ದರೂ ಬಾಗಿಲು ತಟ್ಟುತ್ತಿದ್ದರು, ಅಲ್ಲವೇ? ಕಾಕಾ ಗಂಟೆಯನ್ನೇ ಬಿಚ್ಚಿದರು! ಹೊರಗೆ ಬಂದ ಭಾವಿ ಮಾವನವರು ಎಲೆಕ್ಟ್ರಿಶಿಯನ್ ಬಂದನೆಂದು ತಿಳಿದು ಒಳಗಿನ ಫ್ಯಾನನ್ನೂ ತೋರಿಸಿದರು. ಕಾಕಾ ಅದನ್ನೂ ಸರಿಮಾಡಿದರು. ಸಂಬಂಧ ಕುದುರಿದ್ದು ನನ್ನ ಮೋರೆ ನೋಡಿಯೋ, ಫ್ಯಾನಿನ ಗಾಳಿಗೋ, ನನ್ನ ಹೆಂಡತಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇಂಥ ಕಾಕಾ ಹೋದ ತಿಂಗಳು, "ಕಾರಿಗೆ ಹೊಸಾ ಸ್ಪೀಕರ್, ಆಂಪ್ಲಿಫೈಯರ್ ಹಾಕಸೋಣು, ನಡಿ" ಎಂದರು. ಸುದ್ದಿ ಬಿಟ್ಟರೆ ಬೇರೇನೂ ಕೇಳದ ಮನುಷ್ಯನಿಗೆ ಇದೇನು ಹುಚ್ಚು ಎಂದುಕೊಳ್ಳುತ್ತಲೇ ಕೊಂಢವಾ ಬಡಾವಣೆಯ ಕಾರ್ ಸ್ಪೀಕರ್ ಅಂಗಡಿಗೆ ಕರೆದೊಯ್ದೆ.

ಅಂಗಡಿಯವನು ಮುಂದಿನ ಬಾಗಿಲುಗಳಲ್ಲಿ ಎರಡು ಸ್ಪೀಕರ್ ಕೂಡಿಸಿ, ಹಿಂದೆ ಇನ್ನೆರಡನ್ನು ಅವೇ ತಂತಿಗಳಿಗೆ ಜೋಡಿಸಲು ಹೊರಟ. ಕಾಕಾ ಅವನೊಂದಿಗೆ ಮರಾಠಿಯಲ್ಲಿ ವಾದಿಸಿ ಸೋತು, ನನ್ನತ್ತ ತಿರುಗಿ ಕನ್ನಡದಲ್ಲಿ ಮುಂದುವರಿಸಿದರು:

"ಕರೆಂಟಿಗೆ ಸ್ಪೀಕರಿನ ತಡೆ ನಾಕು ಓಮ್‌ಕ್ಕಿಂತ ಕಡಿಮಿ ಆದ್ರ ಈ ಆಂಪ್ಲಿಫೈಯರ್ ತಾಳಂಗಿಲ್ಲ. ನಾಕು ಓಮಿನ್ವು ಎರಡು ಹಿಂಗ ಜೋಡಿಸಿದ್ರ ಎರಡ ಓಮ್ ಆಗ್ತದ. ಊಟದ ಮನಿಗೆ ಇನ್ನೊಂದು ಬಾಗಲಾ ತಗದಂಗ. ಮಂದಿ ಡಬಲ್ ನುಗ್ತಾರ. ಅಡಗಿ ಭಟ್ಟ ಒಬ್ಬನ ಇದ್ದಾನ, ಏನು ಮಾಡ್ಯಾನು?"

"ಕಾಹೀ ಹೋತ ನಾಹೀ, ಕಾಕಾ," ಏನೂ ಆಗುವುದಿಲ್ಲ ಎಂದು ಅಂಗಡಿಯವನು ಜೋಡಿಸಿಯೇ ಬಿಟ್ಟ. ಸದ್ದು ಏರಿಸಿದ. ಎರಡನೆಯ ಹಾಡಿನ ಪಲ್ಲವಿ ಮುಗಿಯುವುದರೊಳಗೆ ಕೆಂಪು ದೀಪ ಹೊತ್ತಿ ಹಾಡು ನಿಂತಿತು. ಆಂಪ್ಲಿಫೈಯರ್ ಮುಟ್ಟಿದರೆ ರೊಟ್ಟಿಯ ಹಂಚು.

"ಭಟ್ಟ ಓಡಿ ಹೋದ," ಎಂದರು ಕಾಕಾ.

ಅದು ತಣ್ಣಗಾದ ಮೇಲೆ ಹಿಂದಿನ ಸ್ಪೀಕರ್‌ಗಳನ್ನು ಕಳಚಿ, ಒಂದೊಂದು ಬದಿಗೆ ಒಂದೊಂದೇ ಉಳಿಸಿ, ತಂತಿಗಳನ್ನು ತಾವೇ ಬಿಗಿದರು. ಹನ್ನೊಂದು ಹಾಡುಗಳು ಎಡೆಬಿಡದೆ ಮೊಳಗಿದವು. ಕೆಂಪು ದೀಪ ಕಣ್ಣು ತೆರೆಯಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನೂ ಬಂದು ತಲೆದೂಗಿದ. ಅಂಗಡಿಯವನು ಕುರ್ಚಿ ತಂದು, ಚಹಾ ತರಿಸಿ, ರವಿವಾರಕ್ಕೊಮ್ಮೆ ಬಂದು ಕಲಿಸುತ್ತೀರಾ ಎಂದು ಕೇಳಿದ. ಮಲ್ಟಿಮೀಟರನ್ನು ಜೇಬಿಗಿಳಿಸುವಾಗ ಕಾಕಾನ ಗತ್ತು ನೋಡಬೇಕಿತ್ತು, ಕೋಟೆ ಗೆದ್ದ ಸರದಾರ ಖಡ್ಗವನ್ನು ಒರೆಗೆ ಸೇರಿಸಿದಂತೆ!

ಮನೆಗೆ ಬಂದವರೇ ತಮ್ಮ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೊರಟರು. ನಾನು ಹಿಂದೆ ಕುಳಿತೆ. ಕಾಕುವಿಗೆ ಎರಡು ವರ್ಷಗಳಿಂದ ಕಿವಿ ಮಂದವಾಗಿದೆ, ಮಷೀನು ಬೇಡವೆಂಬ ಹಟ ಬೇರೆ. ಕಾರಿನಲ್ಲಿ ಮೊದಮೊದಲು "ಇನ್ನಷ್ಟು ಜೋರ ಮಾಡ್ರಿ" ಎನ್ನುತ್ತಿದ್ದರು. ಹಳೆಯ ಸ್ಪೀಕರ್ ಗೊರಗೊರ ಎನ್ನುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟು ಕಿಟಕಿಯತ್ತ ಮುಖ ಮಾಡಿ ಕೂಡತೊಡಗಿದರು. ಕಾಕಾ ಒಬ್ಬರನ್ನು ಬಿಟ್ಟು ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಹಾಡು ಶುರುವಾಯಿತು. ಕಾಕು ತಲೆ ಓರೆ ಮಾಡಿ ಕೇಳಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಏನ್ರೀ, ಎಷ್ಟು ಜೋರ ಹಚ್ಚೀರಿ? ಸ್ವಲ್ಪ ಸಣ್ಣ ಮಾಡ್ರಿ."

ಕಾಕಾ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು.

"ಇನ್ನೊಮ್ಮೆ ಹೇಳು," ಎಂದರು.