ಡ್ರಮ್ಮಿನ ಬಿಸಿನೀರು

ಕತ್ತರಿ, ಚಿಮ್ಮಟ ಬೇಯಿಸುವ ಕೋಣೆಯಲ್ಲಿ ನಗುವಂಥದ್ದೇನಿದೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ಕರಿಮಣ್ಣಿನ ಎರಿಭೂಮಿ ಸೀಮೆಯ ಈ ಆಸ್ಪತ್ರೆಯಲ್ಲಿ ನಾನು ನರ್ಸು. ನಗದೇ ಮನೆಗೆ ಹೋದ ದಿನ ನನಗಂತೂ ನೆನಪಿಲ್ಲ.

ಜ್ವರ

ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ನಮ್ಮ ಮಷೀನಿಗೆ ಆ ಹಬೆ ತಣಿಸಲು ಬೇರೆ ನೀರು ಬೇಕು. ಆ ನೀರು ಬಿಸಿಯಾಗಿ, ಸ್ವಚ್ಛವಾಗಿಯೇ, ನೇರ ಗಟಾರಕ್ಕೆ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ನೀರಿನ ಟಾಕಿ ಖಾಲಿ, ಆಪರೇಶನ್ ಮುಂದಕ್ಕೆ. ಹಳ್ಳಿಯಿಂದ ಉಪವಾಸ ಬಂದ ಹೆಣ್ಣುಮಕ್ಕಳನ್ನು ಮತ್ತೆ ಬಸ್ಸು ಹತ್ತಿಸಬೇಕಾಗುತ್ತಿತ್ತು. ಕೊನೆಗೆ ಪೈಪು ತಿರುಗಿಸಿ ಡ್ರಮ್ಮಿಗೆ ಬಿಟ್ಟೆವು. ನೆಲ, ಬಟ್ಟೆ ತೊಳೆಯಲು ಡ್ರಮ್ಮಿನ ನೀರು, ಆಪರೇಶನ್ನಿಗೆ ಟಾಕಿಯದು.

ಮೊದಲ ದಿನವೇ ರೋಗಿಯ ಕಡೆಯ ಒಬ್ಬ ಕಾಕಾ ಡ್ರಮ್ಮಿಗೆ ಕೈ ಅದ್ದಿ ಗಾಬರಿಯಾದರು. "ಸಿಸ್ಟರ, ನಿಮ್ಮ ಮಷೀನಿಗೆ ಜ್ವರ ಬಂದೈತಿ. ಡಾಕ್ಟರಿಗೆ ತೋರಿಸೀರಿಲ್ಲೋ?"

ಜಳಕ

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಹೋಗಿ ನೋಡಿದರೆ ಕೋಣೆ ತುಂಬ ನೀರು, ಡ್ರಮ್ಮು ಬರಿದು. ಮಷೀನು ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿದೆ. ಪಕ್ಕದಲ್ಲಿ ನಮ್ಮ ಆಯಾ ಕೈಮುಗಿದು ನಿಂತಿದ್ದಾಳೆ.

"ಅಷ್ಟೂ ನೀರು ಏನ್ ಮಾಡಿದಿ ಬೇ?"

"ವರ್ಷಾನಗಟ್ಲೆ ನೀರ ಉಳಿಸೇತ್ರಿ ಪಾಪ. ಇವತ್ತೊಂದಿನ ಹೊಟ್ಟಿ ತುಂಬ ಜಳಕ ಮಾಡ್ಲಿ ಅಂತ ಬಿಟ್ಟೇನ್ರಿ."

ಕಾವಲು

ಆಪರೇಶನ್ ಇದ್ದ ದಿನವೇ ಟಾಕಿಯ ಮೋಟರು ಸುಟ್ಟಿತು. ಡ್ರಮ್ಮಿದೆಯಲ್ಲ ಎಂದು ಧೈರ್ಯದಿಂದ ಹೋದರೆ, ಅದೂ ಬಣಬಣ. ಬಾಣಂತಿಗೆ, ಕೂಸಿಗೆ ಎರೆಯಲು ಸುಡುನೀರು ಪುಕ್ಕಟೆ ಸಿಗುತ್ತದೆಂದು ವಾರ್ಡಿನ ಅಜ್ಜಿಯರು ಕೊಡ ತುಂಬಿಕೊಂಡು ಹೋಗಿದ್ದರು. ಅವರ ಮುಂದಾಳು ಅಣ್ಣಿಗೇರಿ ಕಡೆಯ ಒಬ್ಬ ಅಜ್ಜಿ.

"ಗಟಾರಕ್ಕ ಹೋಗೂ ನೀರು, ಮೊಮ್ಮಗಳಿಗೆ ಎರದ್ರ ನಿಮ್ಮ ಗಂಟೇನ್ ಹೋತು?"

"ಟಾಕಿಯೊಳಗ ಸ್ವಲ್ಪs ನೀರೈತಿ ಅಜ್ಜಿ. ನೆಲಾ ಬಟ್ಟಿಗೂ ಅದನ್ನs ತಗೊಂಡ್ರ ಇವತ್ತ ಆಪರೇಶನ್ ಆಗೂದಿಲ್ರಿ."

"ನಾಳೆ ಮಾಡ್ರಲಾ."

"ನಿಮ್ಮ ಮಗಳದೂ ಇವತ್ತs ಐತಿ."

ಅಜ್ಜಿ ಕೈಯಲ್ಲಿದ್ದ ತಂಬಿಗೆ ಅಲ್ಲೇ ಇಟ್ಟು, ಸೆರಗು ಸಿಕ್ಕಿಸಿ ವಾರ್ಡಿಗೆ ನುಗ್ಗಿದಳು. "ಯಾರೂ ಮೈಮ್ಯಾಲೆ ಹಾಕ್ಕೋಬ್ಯಾಡ್ರಿ! ಕೊಡಾ ಇಳಸ್ರಿ!" ಎಣ್ಣೆ ಹಚ್ಚಿಕೊಂಡು ಕೂತಿದ್ದ ಬಾಣಂತಿಯರು ಮಿಕಿಮಿಕಿ ನೋಡುತ್ತಿರುವಾಗಲೇ ಕೊಡಗಳೆಲ್ಲ ವಾಪಸು ಬಂದು ಡ್ರಮ್ಮು ತುಂಬಿತು.

ಅಂದು ಒಂದೂ ಆಪರೇಶನ್ ನಿಲ್ಲಲಿಲ್ಲ. ಯಾರನ್ನೂ ಬಸ್ಸು ಹತ್ತಿಸದ ಖುಷಿಗೆ ನನಗೆ ಕಣ್ಣೀರೇ ಬಂತು. ಡ್ರಮ್ಮಿನ ಪಕ್ಕ ಕಾವಲು ಕೂತಿದ್ದ ಅಜ್ಜಿ ಮಾತ್ರ ಮಗಳು ಹೊರಬಂದ ಮೇಲೂ ಅಲ್ಲಿಂದ ಏಳಲಿಲ್ಲ.

ಸಂಜೆ ಡಾಕ್ಟರು ಮನೆಗೆ ಹೊರಟರು. ಬೈಕಿನ ಗಾಲಿಗೆಲ್ಲ ಎರಿಮಣ್ಣು ಮೆತ್ತಿತ್ತು. ತೊಳೆಯಲೆಂದು ಒಂದು ಬಕೀಟು ಹಿಡಿದು ಡ್ರಮ್ಮಿನ ಹತ್ತಿರ ಬಂದರು.

ಅಜ್ಜಿ ಮುಚ್ಚಳದ ಮೇಲೆ ಕೈ ಇಟ್ಟು, ಬೈಕನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿ ಕೇಳಿದಳು: "ಯಾಕ್ರಿ ಸಾಹೇಬ್ರ, ಗಾಡಿದೂ ಇವತ್ತs ಆಪರೇಶನ್ ಐತೇನು?"